ಇಬ್ಬರ ಬ್ಯಾಂಡ್‌ಗೆ ಬೇಸ್ ಟ್ರ್ಯಾಕ್ ಏಕೆ?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕಾಲೇಜು ಫೆಸ್ಟ್‌ಗಳಲ್ಲಿ ಒಂದು ಗಿಟಾರ್, ಒಂದು ಡ್ರಮ್ ಸೆಟ್ ಇಟ್ಟುಕೊಂಡು ಇಬ್ಬರೇ ವೇದಿಕೆ ಹತ್ತಿದರೆ ‘ಬೇಸ್ (ತಗ್ಗಿನ ಸ್ವರದ ಗಿಟಾರ್) ನುಡಿಸುವವರು ಎಲ್ಲಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೆಲವೆಡೆ ಲ್ಯಾಪ್‌ಟಾಪ್‌ನಿಂದ ಮೊದಲೇ ಧ್ವನಿಮುದ್ರಿಸಿಟ್ಟ ಬೇಸ್ ಟ್ರ್ಯಾಕ್ ಹಾಕುವಂತೆ ಒತ್ತಾಯವೂ ನಡೆಯುತ್ತದೆ. ಆಯೋಜಕರು ದಯವಿಟ್ಟು ಇದನ್ನು ಬಿಡಬೇಕು.

ಅಮೆರಿಕದ ಡೆಟ್ರಾಯ್ಟ್‌ನ ಇಬ್ಬರದೇ ರಾಕ್ ಬ್ಯಾಂಡ್ ‘ದಿ ವೈಟ್ ಸ್ಟ್ರೈಪ್ಸ್’ 1997ರಲ್ಲಿ ಶುರುವಾಗಿ 2011ರ ಫೆಬ್ರುವರಿಯಲ್ಲಿ ವಿಸರ್ಜನೆಯಾಯಿತು. ಜ್ಯಾಕ್ ವೈಟ್ ಗಿಟಾರ್, ಮೆಗ್ ವೈಟ್ ಡ್ರಮ್ಸ್. ಬಂದದ್ದು ಆರು ಸ್ಟುಡಿಯೋ ಆಲ್ಬಮ್. 2003ರ ‘ಎಲಿಫೆಂಟ್’ ಅನ್ನು ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಟ್ಟದೆ ಎಂಟು ಟ್ರ್ಯಾಕಿನ ಟೇಪ್ ಮೇಲೆ ಧ್ವನಿಮುದ್ರಿಸಿದರು. ಅದರ ‘ಸೆವೆನ್ ನೇಷನ್ ಆರ್ಮಿ’ ಫುಟ್‌ಬಾಲ್ ಮೈದಾನಗಳ ಘೋಷಗೀತೆಯೇ ಆಗಿಬಿಟ್ಟಿದೆ. ಅದರಲ್ಲಿ ಬೇಸ್ ಗಿಟಾರ್‌ನಂತೆ ಕೇಳಿಸುವುದು ಬೇಸ್ ಗಿಟಾರ್ ಅಲ್ಲ: ಮಾಮೂಲಿ ಗಿಟಾರ್‌ನ ಸ್ವರವನ್ನು ವ್ಯಾಮಿ ಎಂಬ, ಕಾಲಲ್ಲಿ ಒತ್ತುವ ಪೆಡಲ್ ಒಂದು ಸಪ್ತಕ ಕೆಳಗಿಳಿಸುತ್ತದೆ. ಸುಮಾರು 165 ಹರ್ಟ್ಸ್‌ನ ‘ಇ’ 82ಕ್ಕೆ, ಕೊನೆಯ ‘ಬಿ’ 62ಕ್ಕೆ ಇಳಿಯುತ್ತದೆ. ಆರಂಭದಲ್ಲಿ ಜೊತೆಗಿರುವುದು ಡ್ರಮ್ ಸೆಟ್ಟಿನ ಕಿಕ್ (ಕಾಲಲ್ಲಿ ಬಾರಿಸುವುದು) ಮತ್ತು ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವುದು) ಮಾತ್ರ. ಬೇರೇನೂ ಇಲ್ಲದಿರುವುದರಿಂದಲೇ ಆಮೇಲೆ ಗಿಟಾರ್ ಸಿಡಿದಾಗ ಎದೆ ನಡುಗುತ್ತದೆ. ಆ ಖಾಲಿ ಜಾಗ ಅವರು ಬೇಕೆಂದೇ ಉಳಿಸಿಕೊಂಡದ್ದು. ಅದನ್ನು ತುಂಬಿದರೆ ಹಾಡು ಸತ್ತಹಾಗೆ.

ನಮ್ಮಲ್ಲಿ ಇದನ್ನು ನುಡಿಸುವಾಗ ಎಡವಟ್ಟಾಗುವುದು ಹೀಗೆ. ಸದ್ದನ್ನು ಒರಟು ಮಾಡುವ ಫಜ್ ಪೆಡಲ್ ದಾಟಿಸಿದ ಮೇಲೆ ಸಪ್ತಕ ಇಳಿಸುವ ಆಕ್ಟೇವ್ ಪೆಡಲ್ ಇಟ್ಟರೆ ಅದಕ್ಕೆ ಸ್ವರ ಗುರುತು ಸಿಗದೆ ಗೊರಗೊರ ಅನ್ನುತ್ತದೆ. ಆಕ್ಟೇವ್ ಮೊದಲು, ಫಜ್ ಆಮೇಲೆ. ಹಳೆಯ ಬಗೆಯ ಪೆಡಲ್‌ಗಳಿಗೆ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವುದು) ಹಿಡಿಸುವುದಿಲ್ಲ, ಒಂದೊಂದೇ ತಂತಿ ಮೀಟಬೇಕು. 12 ಇಂಚಿನ ಗಿಟಾರ್ ಸ್ಪೀಕರ್ 80 ಹರ್ಟ್ಸ್‌ನಿಂದ ಕೆಳಕ್ಕೆ ಸೊರಗುತ್ತದೆ, ಹಾಗಾಗಿ ಸಿಗ್ನಲ್ ಎರಡು ಮಾಡಿ ಒಂದನ್ನು ಬೇಸ್ ಆಂಪ್‌ಗೆ ಕೊಡುವುದು ಒಳ್ಳೆಯದು. ಎರಡೂ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫಯರ್) ಒಟ್ಟಿಗೆ ಆನ್ ಮಾಡಿದಾಗ ತಗ್ಗಿನ ಸದ್ದು ಮಾಯವಾದರೆ ಒಂದರ ಫೇಸ್ (ಸಿಗ್ನಲ್ಲಿನ ಏರಿಳಿತದ ದಿಕ್ಕು) ತಿರುಗಿಸಬೇಕು.

ಎರಡು ಆಂಪ್ ಸೇರಿದರೆ ಗುಂಯ್‌ಗುಡುವ ಹಮ್ ಬರುವುದು ಸಾಮಾನ್ಯ. ಆಗ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ಅಭ್ಯಾಸ ಕೆಲವರಿಗಿದೆ. ಇದು ಪ್ರಾಣಕ್ಕೇ ಅಪಾಯ: ಆಂಪ್ ಒಳಗೆ ದೋಷವಿದ್ದರೆ ಕೈಯಲ್ಲಿ ಗಿಟಾರ್ ತಂತಿ, ತುಟಿಗೆ ಮೈಕ್ ತಾಗಿದವರ ಮೈಮೂಲಕವೇ ಕರೆಂಟ್ ಹರಿಯುತ್ತದೆ. ಎರಡೂ ಆಂಪ್‌ಗೆ ಒಂದೇ ಅರ್ಥಿಂಗ್ ಇರುವ ಬೋರ್ಡಿನಿಂದ ವಿದ್ಯುತ್ ಕೊಡಿ, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ (ಸಿಗ್ನಲ್ ಎರಡು ಮಾಡುವ ಪೆಟ್ಟಿಗೆ) ಬಳಸಿ.

ಸ್ಪರ್ಧೆಗಳ ಅರ್ಜಿಯಲ್ಲಿ ಕನಿಷ್ಠ ಸದಸ್ಯರ ಸಂಖ್ಯೆಯ ಷರತ್ತು ಇದ್ದರೆ ತೆಗೆದುಹಾಕಿ. ಇಬ್ಬರ ತಂಡಕ್ಕೂ ಐವರ ತಂಡಕ್ಕೆ ಕೊಡುವಷ್ಟೇ ಸೌಂಡ್‌ಚೆಕ್ ಸಮಯ ಕೊಡಿ. ತಗ್ಗಿನ ಸ್ವರವನ್ನೂ ಒಂದೇ ಗಿಟಾರ್‌ನಿಂದ ತೆಗೆಯಬೇಕಾದ ಅವರಿಗೆ ಅಷ್ಟು ಹೊತ್ತು ಬೇಕೇ ಬೇಕು.

– ಒಬ್ಬ ವೇದಿಕೆ ಧ್ವನಿ ತಂತ್ರಜ್ಞ, ಜಯನಗರ, ಬೆಂಗಳೂರು