ಕೋಲಾರದಿಂದ ಹೋಗಿ ಮರಳದವರ ಹೆಸರಿಗೊಂದು ಕಲ್ಲು: ದೇಣಿಗೆ ಮನವಿ

ಹಳೆಯ ವಿದ್ಯಾರ್ಥಿಗಳೇ, ಪೋಷಕರೇ, ಊರಿನ ಹಿರಿಯರೇ, ನಮಸ್ಕಾರ.

ಟೊಮೆಟೊ ದರ ನೆಲ ಕಚ್ಚಿರುವ ಹೊತ್ತಿನಲ್ಲಿ ರಸೀದಿ ಪುಸ್ತಕ ಹಿಡಿದು ಬಂದಿದ್ದೇವೆ, ಬೇಜಾರು ಮಾಡಿಕೊಳ್ಳಬೇಡಿ. ಈ ಸಲ ಕೇಳುತ್ತಿರುವುದು ಕೊಠಡಿಗೂ ಅಲ್ಲ, ಬೆಂಚಿಗೂ ಅಲ್ಲ. ಕೋಲಾರದಿಂದ ಯುದ್ಧಕ್ಕೆ ಹೋಗಿ ಮರಳದ ವಿಮಾನದ ಹುಡುಗರ ಹೆಸರು ಕೆತ್ತಿಸುವ ಒಂದು ಕಲ್ಲಿಗೆ.

ಎರಡನೇ ಮಹಾಯುದ್ಧದ ಕಾಲಕ್ಕೆ ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆ ಇತ್ತು. ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್ ನಡೆಸುವುದನ್ನು ಕಲಿಸುತ್ತಿದ್ದ 1673ನೇ ತರಬೇತಿ ಘಟಕ ಇಲ್ಲಿತ್ತು. ಅದರ ಜನರನ್ನೇ ಕಟ್ಟಿಕೊಂಡು 1944ರ ನವೆಂಬರ್ 8ರಂದು ಇಲ್ಲಿಯೇ 358ನೇ ಸ್ಕ್ವಾಡ್ರನ್, ಅಂದರೆ ವಿಮಾನ ದಳ, ಹುಟ್ಟಿತು. ಹುಟ್ಟಿದ್ದು ಬಾಂಬ್ ಹಾಕಲು. ಆದರೆ ಜನವರಿಯಲ್ಲಿ ಬಂಗಾಳಕ್ಕೆ ಹೋಗಿ ಒಂದೇ ಒಂದು ಬಾಂಬ್ ದಾಳಿ ಮಾಡುವಷ್ಟರಲ್ಲಿ ಅದಕ್ಕೆ ಬೇರೆ ಕೆಲಸ ಬಿತ್ತು. ಜಪಾನೀಯರ ಕೈಯಲ್ಲಿದ್ದ ಬರ್ಮಾ, ಸಯಾಂ (ಇಂದಿನ ಥಾಯ್ಲೆಂಡ್), ಇಂಡೋಚೈನಾ (ಇಂದಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ), ಮಲಯಾ (ಇಂದಿನ ಮಲೇಷ್ಯಾದ ಭಾಗ) ಕಾಡುಗಳಿಗೆ ರಾತ್ರಿ ಹಾರಿ ಗುಪ್ತಚರರನ್ನು ಇಳಿಸುವುದು, ಬಂದೂಕು, ವೈರ್‌ಲೆಸ್ ಸೆಟ್ಟು, ಔಷಧ ಉದುರಿಸಿ ಬರುವುದು. ಈ ಕೆಲಸ ಮಾಡಿಸುತ್ತಿದ್ದ ಗುಪ್ತ ಸಂಸ್ಥೆಗೆ ಫೋರ್ಸ್ 136 ಎಂಬ ಮುಸುಕಿನ ಹೆಸರು. ಯುದ್ಧ ಮುಗಿದ ಮೇಲೂ ಅದರ ಕಡತಗಳು ಬೀಗದಲ್ಲೇ ಇದ್ದವು, ಸಾರ್ವಜನಿಕರಿಗೆ ತೆರೆಯತೊಡಗಿದ್ದು 1993ರಲ್ಲಿ.

ಬೆಳದಿಂಗಳ ರಾತ್ರಿಗಳಲ್ಲಿ ಹೆಚ್ಚು ಹಾರಾಟ. ಬೆಟ್ಟದ ನಡುವೆ ಸಾವಿರ ಅಡಿಗಿಂತ ಕೆಳಗಿಳಿದು, ಕಾಡಿನಲ್ಲಿ ಹಚ್ಚಿಟ್ಟ ಬೆಂಕಿಯ ಗುರುತು ಹುಡುಕಬೇಕು. ಮಲಯಾದವರೆಗೆ ಹೋಗಿ ಬರಲು ಇಪ್ಪತ್ತು ಗಂಟೆ ಹಿಡಿಯುತ್ತಿತ್ತು. ಮೋಡ ಮುಚ್ಚಿದರೆ ಗುಡ್ಡ ಕಾಣದು, ಎಣ್ಣೆ ಲೆಕ್ಕ ತಪ್ಪಿದರೆ ಕೆಳಗೆ ಸಮುದ್ರ.

ವೈರಿಯೇ ಹೊಡೆಯಬೇಕೆಂದೂ ಇರಲಿಲ್ಲ. 1945ರ ಜನವರಿ 22ರ ರಾತ್ರಿ ಈ ಸ್ಕ್ವಾಡ್ರನ್ನಿನ ವಿಮಾನಗಳು ಇಂಡೋಚೈನಾಕ್ಕೆ ಹೋದವು. ಅವುಗಳಲ್ಲಿ ಎರಡನ್ನು ಉರುಳಿಸಿದ್ದು ಅಮೆರಿಕದ ವಿಮಾನಗಳೇ ಎಂದು ಇತಿಹಾಸಕಾರರು ಬರೆದಿದ್ದಾರೆ. ಇಂಡೋಚೈನಾ ಯಾರ ಯುದ್ಧವಲಯಕ್ಕೆ ಸೇರಿದ್ದೆಂದು ಸಿಂಹಳದ ಕ್ಯಾಂಡಿಯಲ್ಲಿದ್ದ, ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕ ಮೌಂಟ್‌ಬ್ಯಾಟನ್ನರಿಗೂ ಚೀನಾದಲ್ಲಿದ್ದ ಅಮೆರಿಕದ ಜನರಲ್ ವೆಡೆಮೇಯರ್‌ಗೂ ಆಗ ಜಟಾಪಟಿ ನಡೆದಿತ್ತು. ದೊಡ್ಡವರ ಗಡಿ ಜಗಳದಲ್ಲಿ ಹುಡುಗರು ಹೋದರು. ಮನೆಗೆ ಹೋಗುತ್ತಿದ್ದ ತಂತಿಯಲ್ಲಿ ಇರುತ್ತಿದ್ದುದು ‘ಕಾಣೆಯಾಗಿದ್ದಾರೆ’ ಎಂಬಷ್ಟೇ.

ಹೀಗೆ ಕಾಣೆಯಾದವರು ಎಷ್ಟು ಕಾಲಕ್ಕೆ ಸಿಗುತ್ತಾರೆ ನೋಡಿ. ನಮ್ಮ ಸ್ಕ್ವಾಡ್ರನ್ನಿನದಲ್ಲದ, ಆದರೆ ಇದೇ ಕೆಲಸಕ್ಕೆ ಹಿಂದೂ ಮಹಾಸಾಗರದ ಕೊಕೋಸ್ ದ್ವೀಪದಿಂದ ಹೊರಟಿದ್ದ ಕೆಎಲ್654 ಎಂಬ ಲಿಬರೇಟರ್ 1945ರ ಆಗಸ್ಟ್ 23ರಂದು ಮಲಯಾದ ನೆಗೆರಿ ಸೆಂಬಿಲಾನ್ ಕಾಡಿನಲ್ಲಿ ಬಿತ್ತು. ಜಪಾನ್ ಶರಣಾಗತಿ ಸಾರಿ ಆಗಲೇ ಎಂಟು ದಿನ. ಅದರಲ್ಲಿದ್ದ ಎಂಟು ಜನರಿಗೆ ಕೌಲಾಲಂಪುರದಲ್ಲಿ ಮಣ್ಣು ಸಿಕ್ಕಿದ್ದು 2012ರ ಅಕ್ಟೋಬರಿನಲ್ಲಿ. ಅವರಲ್ಲಿ ಯಾರದಾದರೂ ತಾಯಿ ಎಷ್ಟು ವರ್ಷ ಬಾಗಿಲು ನೋಡಿರಬಹುದು, ನೀವೇ ಲೆಕ್ಕ ಹಾಕಿ.

ಈ ಮಾತೆತ್ತಿದಾಗ ನಮ್ಮ ಟ್ರಸ್ಟಿನ ಸಭೆಯಲ್ಲೇ ಒಬ್ಬ ಹಿರಿಯರು ಎದ್ದುನಿಂತರು. “1938ರಲ್ಲಿ, ಆಗ ಕೋಲಾರಕ್ಕೇ ಸೇರಿದ್ದ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದವರು ಗುಂಡು ತಿಂದ ಜಿಲ್ಲೆ ನಮ್ದು. ಬಿಳಿಯರ ವಿಮಾನದವರಿಗೆ ನಮ್ಮ ದುಡ್ಡು ಯಾಕ್ರೀ?” ಎಂದರು. ತಪ್ಪು ಪ್ರಶ್ನೆಯೇನಲ್ಲ, ಅರ್ಧ ಗಂಟೆ ವಾದವಾಯಿತು. ಆ ವಿಮಾನದವರು ಸಾಮ್ರಾಜ್ಯದ ಪರವಾಗಿಯೇ ಹಾರಿದರು, ಅದನ್ನು ಮುಚ್ಚಿಡುವ ಉದ್ದೇಶ ನಮಗಿಲ್ಲ. ಪಕ್ಕದಲ್ಲಿ ಹಾಕುವ ಫಲಕದಲ್ಲಿ ವಿದುರಾಶ್ವತ್ಥದ ಹೆಸರೂ ಇರುತ್ತದೆ, ಆ ಷರತ್ತು ಆ ಹಿರಿಯರದೇ. ಮೊದಲ ರಸೀದಿಯೂ ಅವರ ಹೆಸರಿಗೇ ಹರಿದದ್ದು.

ಕಲ್ಲನ್ನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳಿಂದ ಮಾಡಿಸುತ್ತಿದ್ದೇವೆ. ದೇವರ ವಿಗ್ರಹ ಕಡೆಯುವ ಕೈಗಳು, ಇಂಗ್ಲಿಷ್ ಹೆಸರುಗಳ ಪಟ್ಟಿ ನೋಡಿ ನಕ್ಕರು. ಕೆತ್ತನೆ ಕೂಲಿ ಅಕ್ಷರದ ಲೆಕ್ಕ. ಸ್ಟೀವನ್ ಎಂಬಂಥ ಹೆಸರು ಬಂದರೆ ಒತ್ತಕ್ಷರಕ್ಕೆ ಬೇರೆ ದುಡ್ಡೇ ಎಂದು ನಮ್ಮ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು. ಶಿಲ್ಪಿ ಸೀಮೆಸುಣ್ಣ ತೆಗೆದು ನೆಲದ ಮೇಲೆ ‘ಸ್ಟೀ’ ಬರೆದು, ಉಳಿ ಎಲ್ಲಿ ತಿರುಗಬೇಕೆಂದು ತೋರಿಸಿ, “ಇಲ್ಲಿ ಚಕ್ಕೆ ಎದ್ದರೆ ಇಡೀ ಕಲ್ಲು ಹೋಯ್ತಮ್ಮ” ಎಂದರು. ಒತ್ತಿಗೆ ದುಡ್ಡು ಬೇಡ ಎಂದದ್ದೂ ಅವರೇ.

ಕಲ್ಲು, ಕೆತ್ತನೆ, ಸಾಗಣೆಗೆ 1,20,000 ರೂಪಾಯಿ. ಶಾಲೆಯ ಪಡಸಾಲೆಗೆ ಕೋಲಾರದಿಂದ ಮಲಯಾದವರೆಗಿನ ದಾರಿ ತೋರಿಸುವ ದೊಡ್ಡ ನಕ್ಷೆ, ಗಾಜಿನ ಬೀರು ಸೇರಿ 40,000. ಇನ್ನು 25,000 ಕಾಗದಪತ್ರಕ್ಕೆ. ಸ್ಕ್ವಾಡ್ರನ್ನಿನ ದಿನವಹಿ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಅದರ ಪ್ರತಿ ತರಿಸಬೇಕು. ಇದೇಕೆ ಎಂದರೆ, ಸಮಾಧಿ ಸಿಗದವರ ಹೆಸರು ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿ ಇರುತ್ತದೆ, ಆದರೆ ಅಲ್ಲಿರುವುದು 24,000ಕ್ಕೂ ಮಿಕ್ಕ ಹೆಸರು, ಅದರಲ್ಲಿ ಕೋಲಾರದಿಂದ ಹೋದವರು ಯಾರೆಂದು ದಿನವಹಿ ನೋಡಿಯೇ ಗುರುತಿಸಬೇಕು. ಕೆನಡಾ, ಆಸ್ಟ್ರೇಲಿಯಾದ ಹುಡುಗರೂ ಈ ವಿಮಾನಗಳಲ್ಲಿದ್ದರು. ಎರಡೂ ಕಡೆ ತಾಳೆಯಾದ ಹೆಸರನ್ನಷ್ಟೇ ಉಳಿಗೆ ಕೊಡುತ್ತೇವೆ. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು, ಕಲ್ಲಿನದನ್ನು ಅಳಿಸಲಾಗದು.

ಒಟ್ಟು 1,85,000. ಶಿಕ್ಷಕರು ಸಂಬಳದಿಂದ ಕೊಟ್ಟ 31,000 ಕೈಯಲ್ಲಿದೆ. ನೂರು ರೂಪಾಯಿಯಾದರೂ ಸರಿ, ರಸೀದಿ ಕೊಡುತ್ತೇವೆ. ಹಣವನ್ನು ಶಾಲೆಯ ಕಚೇರಿಯಲ್ಲಿ ಕಟ್ಟಿ, ಇಲ್ಲವೇ ಟ್ರಸ್ಟಿನ ಹೆಸರಿಗೆ ಚೆಕ್ ಬರೆಯಿರಿ. 80ಜಿ ತೆರಿಗೆ ವಿನಾಯಿತಿ ನಮಗಿನ್ನೂ ಸಿಕ್ಕಿಲ್ಲ, ಮೊದಲೇ ಹೇಳಿಬಿಡುತ್ತೇವೆ. ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಹಣದ ಬದಲು ಕ್ಯೂಗೆ ಹೋಗಿ ಒಂದು ದಿನ ಕೂತು ಪುಟಗಳ ಫೋಟೊ ತೆಗೆದು ಕಳಿಸಿದರೆ ಅದೇ ದೊಡ್ಡ ದೇಣಿಗೆ. ದುಡ್ಡು ಉಳಿದರೆ ಗ್ರಂಥಾಲಯದ ಸೋರುವ ಮೂಲೆಗೆ ಹಾಕುತ್ತೇವೆ, ಲೆಕ್ಕಪತ್ರ ನೋಟಿಸ್ ಬೋರ್ಡಿನಲ್ಲಿರುತ್ತದೆ.

ಬರುವ ಶನಿವಾರ ಮಕ್ಕಳು ಕಲ್ಲು ನೋಡಲು ಶಿವಾರಪಟ್ಟಣಕ್ಕೆ ಹೋಗುತ್ತಿದ್ದಾರೆ. ಜೊತೆಗೆ ಬರುವವರು ಬೆಳಿಗ್ಗೆ ಎಂಟಕ್ಕೆ ಶಾಲೆ ಗೇಟಿನ ಹತ್ತಿರ ಇರಿ. ಬಸ್ ಚಾರ್ಜು ಮಾತ್ರ ನಿಮ್ಮದೇ.