1883 ಪೋರ್ಟ್ ಮುಚ್ಚುತ್ತಿದ್ದೇವೆ, ನಿಮ್ಮ ಸ್ಕ್ರಿಪ್ಟ್ ಒಮ್ಮೆ ನೋಡಿಕೊಳ್ಳಿ

ಎಲ್ಲಾ ಗ್ರಾಹಕರಿಗೂ ನಮಸ್ಕಾರ,

ಮುಂದಿನ ತಿಂಗಳ 15ರಂದು ಬೆಳಿಗ್ಗೆ 11 ಗಂಟೆಗೆ ನಿಮಗೂ ತೋಟದ ಮೋಟಾರ್ ಕಂಟ್ರೋಲರ್‌ಗೂ ನಡುವೆ ಮೆಸೇಜ್ ಸಾಗಿಸುವ ನಮ್ಮ ಎಂಕ್ಯೂಟಿಟಿ ಸರ್ವರ್‌ನ 1883 ಪೋರ್ಟ್ (ಸರ್ವರ್‌ಗೆ ಸೇರುವ ಬಾಗಿಲು) ಮುಚ್ಚುತ್ತೇವೆ. ಆಮೇಲೆ ಇರುವುದು 8883 ಒಂದೇ. ಒಬ್ಬೊಬ್ಬರಿಗೂ ಅವರದೇ ಯೂಸರ್‌ನೇಮ್, ಅವರದೇ ಪಾಸ್‌ವರ್ಡ್.

ಬರೀ ಫೋನ್ ಆಪ್‌ನಲ್ಲಿ ಮೋಟಾರ್ ಆನ್ ಆಫ್ ಮಾಡುವವರು ಆಪ್ ಅಪ್‌ಡೇಟ್ ಮಾಡಿಕೊಂಡರೆ ಸಾಕು. ತೋಟದಲ್ಲಿರುವ ಕಂಟ್ರೋಲರ್‌ಗಳನ್ನು ಇಲ್ಲಿಂದಲೇ ನಾವು ಬದಲಾಯಿಸುತ್ತೇವೆ. ಈ ಪತ್ರ ಮುಖ್ಯವಾಗಿ ಮೊಸ್ಕಿಟೊ ಪಬ್ (ಮೆಸೇಜ್ ಕಳುಹಿಸುವ ಕಮಾಂಡ್), ಮೊಸ್ಕಿಟೊ ಸಬ್ (ಮೆಸೇಜ್ ಪಡೆಯುವ ಕಮಾಂಡ್) ಇಟ್ಟುಕೊಂಡು ತಾವೇ ಸ್ಕ್ರಿಪ್ಟ್ ಬರೆದುಕೊಂಡವರಿಗೆ. ತ್ರೀ ಫೇಸ್ ಯಾವಾಗ ಬಂತು, ಯಾವಾಗ ಹೋಯ್ತು, ಬೋರ್‌ವೆಲ್ ಮೋಟಾರ್ ಎಷ್ಟು ಹೊತ್ತು ಓಡಿತು ಅಂತ ಮನೆಯ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಸಬ್ ಓಡಿಸಿ ಫೈಲಿಗೆ ಬರೆದಿಡುವವರು ನಿಮ್ಮಲ್ಲಿದ್ದಾರೆ. ಅವರ ಕೆಲಸ ಒಂದು ದಿನವೂ ನಿಲ್ಲಬಾರದು ಅಂತಲೇ ಇಷ್ಟು ಮುಂಚೆ ಬರೆಯುತ್ತಿದ್ದೇವೆ.

ಯಾಕೆ ಈ ಬದಲಾವಣೆ ಅಂದರೆ, 1883ರಲ್ಲಿ ಹೋಗುವ ಮೆಸೇಜನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ಪಾಸ್‌ವರ್ಡ್ ಸಮೇತ. ಎಂಕ್ಯೂಟಿಟಿ ಹುಟ್ಟಿದ್ದು 1999ರಲ್ಲಿ. ಆಂಡಿ ಸ್ಟಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇಬ್ಬರೂ ಸೇರಿ, ದೂರದ ಎಣ್ಣೆ ಪೈಪ್‌ಲೈನ್‌ಗಳ ಮೇಲೆ ಸ್ಯಾಟಲೈಟ್ ಮೂಲಕ ಕಣ್ಣಿಡಲು ಮಾಡಿದ್ದು. ಡೇಟಾ ಕಡಿಮೆ ಖರ್ಚಾಗಬೇಕು, ಲೈನ್ ಪದೇ ಪದೇ ಕಡಿದರೂ ಕೆಲಸ ನಡೆಯಬೇಕು ಎನ್ನುವುದೇ ಅವರ ಲೆಕ್ಕಾಚಾರ. ತೋಟದ ಮೂಲೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದಾಗಲೂ ನಿಮ್ಮ ಕಂಟ್ರೋಲರ್ ಮಾತಾಡುವುದು ಅದರಿಂದಲೇ. ಆದರೆ ಮೆಸೇಜನ್ನು ಗುಟ್ಟಾಗಿ ಸಾಗಿಸುವುದು ಅದರ ಕೆಲಸವಲ್ಲ, ಅದಕ್ಕೆ ಮೇಲೆ ಟಿಎಲ್‌ಎಸ್ ಎಂಬ ಬೀಗ ಹಾಕಬೇಕು, 8883ರಲ್ಲಿ ಇರುವುದು ಅದೇ. ಎಂಕ್ಯೂಟಿಟಿ ಸರ್ವರ್ ಸಾಫ್ಟ್‌ವೇರ್ ಆದ ಮೊಸ್ಕಿಟೊ ಮಾಡುವವರೂ 2020ರ ಡಿಸೆಂಬರ್‌ನಲ್ಲಿ ಬಂದ 2.0 ಆವೃತ್ತಿಯಿಂದ, ನಾವಾಗಿ ಸೆಟ್ ಮಾಡದೆ ಹೊರಗಿನ ಯಾರನ್ನೂ ಒಳಗೆ ಬಿಡದ ಹಾಗೆ ಮಾಡಿದ್ದಾರೆ.

ಇನ್ನು ಹ್ಯಾಶ್ ವಿಷಯ. ಇಲ್ಲಿಯವರೆಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದುದರಿಂದ, ಟಾಪಿಕ್ (ಪ್ರತಿ ಮೆಸೇಜಿನ ವಿಳಾಸ) ಜಾಗದಲ್ಲಿ ಎಲ್ಲವೂ ಬೇಕು ಎನ್ನುವ # ಗುರುತು ಹಾಕಿದರೆ ಎಲ್ಲರ ತೋಟದ ಮೆಸೇಜೂ ಬರುತ್ತಿತ್ತು. ಬಂದದ್ದನ್ನು ಓದಬಹುದು ಅಂದರೆ ಕಳುಹಿಸಲೂಬಹುದು. ಬೇರೆಯವರ ಮೋಟಾರ್ ಆನ್ ಮಾಡುವುದು ಸಣ್ಣ ವಿಷಯ ಅಲ್ಲ, ಅಲ್ವಾ? ಇನ್ನು ಮುಂದೆ # ಹಾಕಿದರೂ ನಿಮಗೆ ಬರುವುದು ನಿಮ್ಮ ಗ್ರಾಹಕ ಸಂಖ್ಯೆಯಿಂದ ಶುರುವಾಗುವ ಟಾಪಿಕ್‌ಗಳು ಮಾತ್ರ.

ನೀವು ಮಾಡಬೇಕಾದದ್ದು ಇಷ್ಟು. ಪೋರ್ಟ್ 8883 ಮಾಡಿ. ನಾವು ಕಳುಹಿಸಿರುವ ಸರ್ಟಿಫಿಕೇಟ್ ಫೈಲ್ ಎಲ್ಲಿದೆ ಅಂತ ಸಿಎಫೈಲ್ ಆಪ್ಷನ್‌ನಲ್ಲಿ ಹೇಳಿ. ಸರ್ವರ್‌ನ ಐಪಿ ನಂಬರ್ ಹಾಕಿದ್ದರೆ ತೆಗೆದು ಹೆಸರು ಹಾಕಿ, ಯಾಕೆಂದರೆ ಸರ್ಟಿಫಿಕೇಟ್‌ನಲ್ಲಿ ಇರುವುದು ಹೆಸರು, ನಂಬರ್ ಕೊಟ್ಟರೆ ಕನೆಕ್ಷನ್ ಆಗುವುದಿಲ್ಲ. ಆಗ ಇನ್‌ಸೆಕ್ಯೂರ್ ಎನ್ನುವ ಆಪ್ಷನ್ ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿಯಾರು. ದಯವಿಟ್ಟು ಹಾಕಬೇಡಿ. ಎದುರಿಗಿರುವುದು ನಮ್ಮ ಸರ್ವರೇ ಹೌದಾ ಅಂತ ನೋಡುವುದನ್ನೇ ಅದು ಬಿಟ್ಟುಬಿಡುತ್ತದೆ.

ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲಿ ಕ್ಯಾಪಿಟಲ್ ಪಿ ಹಾಕಿ ಬರೆಯುವುದೂ ಬೇಡ. ಅದು ಶೆಲ್ ಹಿಸ್ಟರಿಯಲ್ಲಿ (ಹಳೆಯ ಕಮಾಂಡ್‌ಗಳ ಪಟ್ಟಿಯಲ್ಲಿ) ಉಳಿಯುತ್ತದೆ, ಅದೇ ಕಂಪ್ಯೂಟರ್ ಬಳಸುವ ಬೇರೆಯವರು ಓಡುತ್ತಿರುವ ಪ್ರೋಗ್ರಾಂ ತೋರಿಸುವ ಪಿಎಸ್ ಕಮಾಂಡ್ ಕೊಟ್ಟರೆ ಕಾಣಲೂಬಹುದು. ಹೋಮ್ ಫೋಲ್ಡರ್‌ನಲ್ಲಿ ಡಾಟ್ ಕಾನ್ಫಿಗ್ ಒಳಗೆ ಮೊಸ್ಕಿಟೊ_ಸಬ್ ಎಂಬ ಹೆಸರಿನ ಫೈಲ್ ಮಾಡಿ, ಸಾಲಿಗೊಂದು ಆಪ್ಷನ್‌ನಂತೆ ಎಲ್ಲವನ್ನೂ ಅಲ್ಲೇ ಬರೆದಿಡಿ. ಪಬ್‌ಗೆ ಬೇರೆ ಫೈಲ್, ಅದರದೇ ಹೆಸರಿನಲ್ಲಿ. ಫೈಲ್ ನೀವಷ್ಟೇ ಓದುವಂತೆ ಪರ್ಮಿಷನ್ 600 ಕೊಡಿ. ಆಮೇಲೆ ಸ್ಕ್ರಿಪ್ಟ್‌ನಲ್ಲಿ ಟಾಪಿಕ್ ಒಂದಿದ್ದರೆ ಸಾಕು.

ಒಂದು ವಿಷಯದಲ್ಲಿ ಹುಷಾರಾಗಿರಿ. ಪಾಸ್‌ವರ್ಡ್ ತಪ್ಪಾದರೆ ನಾಟ್ ಆಥರೈಸ್ಡ್ ಅಂತ ತಕ್ಷಣ ಬರುತ್ತದೆ. ಆದರೆ ಟಾಪಿಕ್ ತಪ್ಪಾಗಿ, ನಿಮ್ಮದಲ್ಲದ ಜಾಗಕ್ಕೆ ಪಬ್ ಮಾಡಿದರೆ, ಎಂಕ್ಯೂಟಿಟಿಯ ಹಳೆಯ 3.1.1 ಆವೃತ್ತಿಯಲ್ಲಿ ಎರರ್ ಏನೂ ಬರುವುದಿಲ್ಲ, ಮೆಸೇಜ್ ಸುಮ್ನೆ ಮಾಯ. ಪರೀಕ್ಷೆ ಮಾಡುವಾಗ ಎಂಕ್ಯೂಟಿಟಿ 5 ಆವೃತ್ತಿ ಆರಿಸಿ, ಕ್ಯೂಒಎಸ್ 1 (ಮೆಸೇಜಿಗೆ ಸರ್ವರ್ ಉತ್ತರ ಕೊಡುವ ಮಟ್ಟ) ಕೊಡಿ. ಆಗ ಪಬ್ ಬಾಯಿಬಿಟ್ಟು ಹೇಳುತ್ತದೆ. ಒಂದು ಟರ್ಮಿನಲ್‌ನಲ್ಲಿ ಡ್ಯಾಶ್ ವಿ ಹಾಕಿ ಸಬ್ ಓಡಿಸಿ, ಇನ್ನೊಂದರಿಂದ ಪಬ್ ಮಾಡಿ, ಟಾಪಿಕ್ಕೂ ಮೆಸೇಜೂ ಒಂದೇ ಸಾಲಿನಲ್ಲಿ ಬಂತಾ ನೋಡಿ.

ಇನ್ನೊಂದು ಬದಲಾವಣೆ ಇದೆ, ನಮಗಂತೂ ಇದೇ ಜಾಸ್ತಿ ಮುಖ್ಯ. ಡ್ಯಾಶ್ ಆರ್ ಹಾಕಿ ಕಳುಹಿಸಿದ ಮೆಸೇಜನ್ನು ಸರ್ವರ್ ಇಟ್ಟುಕೊಂಡಿರುತ್ತದೆ, ಆಮೇಲೆ ಯಾರು ಸೇರಿದರೂ ಅವರಿಗೆ ಕೊಡುತ್ತದೆ. ಮೋಟಾರ್ ಸ್ಥಿತಿಗೆ ಇದು ಒಳ್ಳೆಯದು: ಸಬ್ ಶುರು ಮಾಡಿದ ಕೂಡಲೇ ಕೊನೆಯ ಸ್ಥಿತಿ ಕಾಣುತ್ತದೆ. ಆನ್ ಆದೇಶಕ್ಕೆ ಮಾತ್ರ ಅಪಾಯ. ಸಂಜೆ ಆರಕ್ಕೆ ಡ್ಯಾಶ್ ಆರ್ ಹಾಕಿ ಆನ್ ಕಳುಹಿಸುತ್ತೀರಿ, ಕರೆಂಟ್ ಹೋಗುತ್ತದೆ, ನೀವು ಮರೆತು ಮಲಗುತ್ತೀರಿ, ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದು ಕಂಟ್ರೋಲರ್ ಸರ್ವರ್‌ಗೆ ಸೇರಿದ್ದೇ ತಡ, ಹಳೆಯ ಆನ್ ಅದರ ಕೈಗೆ ಬಂದು ಮೋಟಾರ್ ಓಡತೊಡಗುತ್ತದೆ. ಬೋರ್‌ನಲ್ಲಿ ನೀರಿಲ್ಲದಿದ್ದರೆ ವೈಂಡಿಂಗ್ ಸುಡಬಹುದು. ಪೈಪ್ ಹತ್ತಿರ ಯಾರಾದರೂ ಕೆಲಸ ಮಾಡುತ್ತಿದ್ದರೆ ಇನ್ನೂ ಕಷ್ಟ.

ಹಾಗೆ ಇಟ್ಟುಕೊಂಡು ಕೊಟ್ಟ ಮೆಸೇಜ್ ಮೇಲೆ ರಿಟೇನ್ ಗುರುತು ಇರುತ್ತದೆ. ಹೊಸ ಸಾಫ್ಟ್‌ವೇರ್‌ನಲ್ಲಿ, ಆ ಗುರುತಿರುವ ಆನ್ ಆದೇಶವನ್ನು ಕಂಟ್ರೋಲರ್ ಕೇಳುವುದಿಲ್ಲ. ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಓಡಲಿ ಅಂತಲೇ ಡ್ಯಾಶ್ ಆರ್ ಬಳಸುತ್ತಿದ್ದವರು ಕಂಟ್ರೋಲರ್‌ನ ಆಟೋ ಮೋಡ್ ಹಾಕಿಕೊಳ್ಳಿ. ಅದರಲ್ಲಿ ಡ್ರೈ ರನ್ ರಕ್ಷಣೆ ಇದೆ, ನೀರಿಲ್ಲದಿದ್ದರೆ ತಾನೇ ನಿಲ್ಲಿಸುತ್ತದೆ. ಸರ್ವರ್‌ನಲ್ಲಿ ಉಳಿದಿರುವ ಹಳೆಯ ಆದೇಶ ಅಳಿಸಲು ಅದೇ ಟಾಪಿಕ್‌ಗೆ ಡ್ಯಾಶ್ ಆರ್, ಡ್ಯಾಶ್ ಎನ್ (ಖಾಲಿ ಮೆಸೇಜ್) ಎರಡೂ ಹಾಕಿ ಒಮ್ಮೆ ಪಬ್ ಮಾಡಿ.

15ರವರೆಗೆ ಎರಡೂ ಪೋರ್ಟ್ ತೆರೆದಿರುತ್ತವೆ. ಹಳೆಯದನ್ನು ನಿಲ್ಲಿಸದೆ ಪಕ್ಕದಲ್ಲೇ ಹೊಸದನ್ನು ಓಡಿಸಿ ನೋಡಬಹುದು. ಇದಕ್ಕೆ ಬೇರೆ ದುಡ್ಡಿಲ್ಲ, ವರ್ಷದ ಚಂದಾ ಮೊದಲಿನಷ್ಟೇ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಡ್ಯಾಶ್ ಡಿ ಹಾಕಿ ಓಡಿಸಿ, ಬಂದ ಸಾಲುಗಳನ್ನು ನಮ್ಮ ಎಂದಿನ ವಾಟ್ಸಾಪ್ ನಂಬರ್‌ಗೆ ಕಳುಹಿಸಿ. ಪಾಸ್‌ವರ್ಡ್ ಮಾತ್ರ ಕಳುಹಿಸಬೇಡಿ, ನಾವು ಯಾವತ್ತೂ ಅದನ್ನು ಕೇಳುವುದಿಲ್ಲ.

ನಿಮ್ಮ ಸರ್ವರ್ ನೋಡಿಕೊಳ್ಳುವ ತಂಡ