ಮಗಳಿಗೊಂದು ಪತ್ರ: 'ಒಪ್ಪಿಗೆ' ಒತ್ತುವ ಮೊದಲು

ಶಿರಸಿ

ಪ್ರೀತಿಯ ಕೂಸೆ,

ಮುಟ್ಟಿನ ದಿನ ಬರೆದಿಡೋಕೆ ಹೊಸ ಆ್ಯಪ್ ಹಾಕಿಕೊಂಡೆ ಅಂದೆಯಲ್ಲ, ಅದರ ಪ್ರೈವಸಿ ಪಾಲಿಸಿ ಪೂರ್ತಿ ಓದಿದೆ. ನಗಬೇಡ. ಈ ಮಳೆಯಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ, ಮತ್ತೇನು ಮಾಡಲಿ?

'ನಿಮ್ಮ ಖಾಸಗಿತನ ನಮಗೆ ಮುಖ್ಯ' ಅಂತ ಎಲ್ಲರದ್ದೂ ಶುರುವಾಗುತ್ತದೆ. ಅದನ್ನು ಬಿಟ್ಟು, ಮಾಹಿತಿ ಯಾರಿಗೆ ಕೊಡುತ್ತಾರೆ ಅನ್ನುವ ಕಡೆ ನೇರ ಹೋಗು. ಇದರಲ್ಲಿ 'ಪಾಲುದಾರರು' ಅಂತಷ್ಟೇ ಇದೆ, ಒಬ್ಬರದ್ದೂ ಹೆಸರಿಲ್ಲ. 'ಹಂಚಿಕೊಳ್ಳಬಹುದು' ಅಂತಿದ್ದರೆ ಹಂಚುತ್ತಾರೆ ಅಂತಲೇ ತಿಳಿದುಕೋ. ಕೊಡುವ ಪಟ್ಟಿಯಲ್ಲಿ ನೀನಿರುವ ಜಾಗ, ಫೋನಿನ ಜಾಹೀರಾತು ಐಡಿ ಎರಡೂ ಇವೆ. ಈ ಐಡಿಯೇ ಕಿತಾಪತಿ. ಫೋನಿನ ಎಲ್ಲ ಆ್ಯಪ್‌ಗಳಿಗೂ ಕಾಣುವುದು ಅದೇ ಐಡಿ. ಇಲ್ಲಿ ನೋಡಿದ್ದು, ಅಲ್ಲಿ ಕೊಂಡಿದ್ದು ಎಲ್ಲ ಅದರಿಂದಲೇ ಒಂದು ಕಡೆ ಸೇರುತ್ತದೆ. ನಿನ್ನ ಹೆಸರು ಬೇಕೇ ಆಗುವುದಿಲ್ಲ.

ಆಮೇಲೆ ಹರಾಜು. ನಮ್ಮ ಯಾರ್ಡಿನಲ್ಲಿ ಚಾಲಿ ಟೆಂಡರ್ ನೋಡಿದ್ದೀಯಲ್ಲ? ಅಡಿಕೆ ಒಬ್ಬರಿಗೇ ಹೋದರೂ, ರಾಶಿಗೆ ಕೈ ಹಾಕಿ ನೋಡಿದವರು ಹತ್ತಾರು ಜನ. ಪೇಜು ತೆರೆಯುವಷ್ಟರಲ್ಲಿ ಜಾಹೀರಾತಿನ ಜಾಗಕ್ಕೂ ಹೀಗೇ ಬಿಡ್ ನಡೆಯುತ್ತದೆ. ಗೆದ್ದವರು ಜಾಹೀರಾತು ಹಾಕುತ್ತಾರೆ, ಸೋತವರಿಗೂ ನಿನ್ನ ವಿವರ ಹೋಗಿರುತ್ತದೆ. ಪಾಲಿಸಿಯಲ್ಲಿ ಇದಕ್ಕೆಲ್ಲ ಒಂದೇ ಸಾಲು: 'ನಿಮಗೆ ಸೂಕ್ತವಾದ ಜಾಹೀರಾತು ತೋರಿಸಲು'. ಎಷ್ಟು ಸೌಮ್ಯ!

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2012ರಲ್ಲಿ ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗಲೇ ಎಂಬತ್ತು ದಾಟಿದವರು. 2023ರ ಡೇಟಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲೂ ಓದಲು ಅವಕಾಶ ಕೊಡಬೇಕು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ವಾಪಸ್ ಪಡೆಯುವಂತಿರಬೇಕು. 2025ರ ನವೆಂಬರಿನಲ್ಲಿ ನಿಯಮವೂ ಬಂತು, ಆದರೆ ಇದನ್ನೆಲ್ಲ ಸರಿಮಾಡಿಕೊಳ್ಳಲು ಕಂಪನಿಗಳಿಗೆ 18 ತಿಂಗಳ ಗಡುವು! ಅಲ್ಲಿವರೆಗೆ ಕಾಯುತ್ತಾ ಕೂರಬೇಡ.

ನಿನ್ನ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಆ್ಯಡ್ಸ್. ಅಲ್ಲಿ ಜಾಹೀರಾತು ಐಡಿ ಅಳಿಸುವ ಆಯ್ಕೆ ಇದೆ, ಇವತ್ತೇ ಅಳಿಸು. ಆ ಆ್ಯಪ್‌ಗೆ ಲೊಕೇಶನ್ ಸಹ ಬಂದ್ ಮಾಡು. ಮುಟ್ಟಿನ ಲೆಕ್ಕಕ್ಕೆ ನೀನು ಯಾವ ಊರಲ್ಲಿದ್ದರೇನು? ಆ್ಯಪ್ ತೆಗೆದುಹಾಕುವುದಾದರೆ ಮೊದಲು ಖಾತೆ ಡಿಲೀಟ್ ಮಾಡು, ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿದರೆ ಅವರ ಹತ್ತಿರ ಇರುವುದು ಅಲ್ಲೇ ಉಳಿಯುತ್ತದೆ. ನನಗೆ ಕೇಳಿದರೆ ಗೋಡೆಯ ಕ್ಯಾಲೆಂಡರ್ ಸಾಕು, ಆದರೆ ನೀನು ಕೇಳುವವಳಲ್ಲ.

ಅಪ್ಪಯ್ಯನಿಗೂ ಫೋನ್ ಮಾಡಿ ಇದನ್ನೇ ಹೇಳು. ಏನು ಕೇಳಿದರೂ 'ಓಕೆ' ಒತ್ತುತ್ತಾರೆ, ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಿನ್ನ
ಆಯಿ